ಹೊಸ ಫೈಲು, ಹಳೇ ಪ್ರೆಸ್ಸು

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಮುಖಪುಟ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಹೊಸ ಫೋಟೋಶಾಪ್. ಸಂಘದವರು ಗೊತ್ತುಮಾಡಿದ ಪ್ರೆಸ್ಸು ಮಸ್ಜಿದ್ ಬಂದರಿನ ಹತ್ತಿರ, ಅಲ್ಲಿರುವುದು ಅದರದೇ ಹಳೇ ವರ್ಷನ್, ಸಿಎಸ್3. ಪೆನ್‌ಡ್ರೈವ್ ಹಾಕಿ ತೆರೆದಾಗ ಏನೋ ಎಚ್ಚರಿಕೆ ಬಂತು. ಅವರು ‘ಫ್ಲ್ಯಾಟನ್’ ಒತ್ತಿದರು. ನನ್ನ ಮುಖಪುಟದ ಬದಲು ಒಂದು ಬಿಳಿ ಹಾಳೆ ಬಂತು, ಅದರ ಮೇಲೆ ನಾಲ್ಕಾರು ಭಾಷೆಗಳಲ್ಲಿ ಏನೋ ಬರೆದಿತ್ತು. ‘ಹಳೇ ವರ್ಷನ್‌ನಲ್ಲಿ ಸೇವ್ ಮಾಡಿ ತನ್ನಿ’ ಎಂದು ಕಳಿಸಿದರು. ಆ ಆಪ್ಶನ್ ಎಲ್ಲಿದೆ ಎಂದು ಎರಡು ರಾತ್ರಿ ಹುಡುಕಿದೆ. ಅಷ್ಟಕ್ಕೂ ಪ್ರೆಸ್ಸಿನವರೇ ಹೊಸದು ಹಾಕಿಸಿಕೊಳ್ಳಬಾರದೇ?
— ಓದುಗಿ, ಡೊಂಬಿವಲಿ

ಉತ್ತರ: ಹುಡುಕುವುದು ಬಿಡಿಯಮ್ಮ, ಅದು ಇಲ್ಲ. ಡಿಸೈನಿನ ಬೇರೆ ಸಾಫ್ಟ್‌ವೇರುಗಳಾದ ಇಲ್ಲಸ್ಟ್ರೇಟರ್‌ನಲ್ಲಿದೆ, ಕೋರಲ್‌ನಲ್ಲಿದೆ. ಫೋಟೋಶಾಪಿನಲ್ಲಿ ಮಾತ್ರ ಹಳೆಯ ವರ್ಷನ್ ಆರಿಸುವ ಜಾಗವನ್ನು ಇಟ್ಟೇ ಇಲ್ಲ. ಹಳೆಯ ಫೋಟೋಶಾಪ್ ಹೊಸ ಪಿಎಸ್‌ಡಿಯನ್ನು (ಫೋಟೋಶಾಪಿನ ಸ್ವಂತ ಫೈಲು) ಹೇಗೋ ತೆರೆಯುತ್ತದೆ, ಗೊತ್ತಿದ್ದಷ್ಟನ್ನು ಓದುತ್ತದೆ, ಗೊತ್ತಿಲ್ಲದ್ದನ್ನು ಬಿಸಾಡುತ್ತದೆ. ನೀವು ನೋಡಿದ ಎಚ್ಚರಿಕೆ ಅದರದ್ದೇ. ‘ಇದರಲ್ಲಿ ನನಗೆ ತಿಳಿಯದ್ದು ಏನೋ ಇದೆ. ಲೇಯರ್ (ಒಂದರ ಮೇಲೊಂದು ಇಟ್ಟ ಚಿತ್ರದ ಪದರ) ಬೇಕೆಂದರೆ ಆ ತಿಳಿಯದ್ದನ್ನು ಬಿಟ್ಟುಬಿಡುತ್ತೇನೆ, ಚಿತ್ರ ಇದ್ದ ಹಾಗೇ ಬೇಕೆಂದರೆ ಚಪ್ಪಟೆ ಮಾಡಿ ಕೊಡುತ್ತೇನೆ, ಹೇಳು’ ಎಂದು ಕೇಳುತ್ತಿತ್ತು.

ಚಪ್ಪಟೆ ಮಾಡು ಎಂದರೆ ಅದು ಲೇಯರ್‌ಗಳನ್ನು ಕೂಡಿಸಿ ಲೆಕ್ಕ ಹಾಕುವುದಿಲ್ಲ. ಪಿಎಸ್‌ಡಿ ಫೈಲಿನ ಕೊನೆಯಲ್ಲಿ, ಲೇಯರ್‌ಗಳ ಜೊತೆಗೆ, ಪೂರ್ತಿ ಚಿತ್ರದ ಒಂದು ಚಪ್ಪಟೆ ಪ್ರತಿಗೂ ಜಾಗವಿದೆ. ಅದನ್ನು ಎತ್ತಿ ತೋರಿಸುತ್ತದೆ, ಅಷ್ಟೇ. ನಿಮ್ಮ ಫೈಲಿನಲ್ಲಿ ಆ ಪ್ರತಿಯೇ ಇರಲಿಲ್ಲ. ಬಿಳಿ ಹಾಳೆಯ ಮೇಲೆ ನಾಲ್ಕಾರು ಭಾಷೆಗಳಲ್ಲಿ ಬರೆದಿದ್ದದ್ದೂ ಅದನ್ನೇ: ಈ ಫೈಲನ್ನು ಕೂಡುಚಿತ್ರವಿಲ್ಲದೆ ಸೇವ್ ಮಾಡಲಾಗಿದೆ ಎಂದು. ಪ್ರಿಫರೆನ್ಸಸ್‌ಗೆ ಹೋಗಿ, ಫೈಲ್ ಹ್ಯಾಂಡ್ಲಿಂಗ್ ತೆರೆಯಿರಿ. ‘ಮ್ಯಾಕ್ಸಿಮೈಜ್ ಪಿಎಸ್‌ಡಿ ಅಂಡ್ ಪಿಎಸ್‌ಬಿ ಫೈಲ್ ಕಂಪ್ಯಾಟಿಬಿಲಿಟಿ’ ಎಂದಿರುತ್ತದೆ, ಅದನ್ನು ‘ಆಲ್ವೇಸ್’ ಮಾಡಿ ಮತ್ತೆ ಸೇವ್ ಮಾಡಿ. ಫೈಲ್ ದಪ್ಪವಾಗುತ್ತದೆ ಎಂದು ಹೆದರಿ ಇದನ್ನು ಆಫ್ ಮಾಡುವವರಿದ್ದಾರೆ. ಎ4 ಮುಖಪುಟ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯುವ ಅಂಚು), 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್), ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ) ಎಂದರೆ ಸುಮಾರು 2551 × 3579 ಪಿಕ್ಸೆಲ್. ಆ ಚಪ್ಪಟೆ ಪ್ರತಿ ಹೆಚ್ಚೆಂದರೆ 35 ಎಂಬಿ. ಈಗಿನ ಪೆನ್‌ಡ್ರೈವಿಗೆ ಅದೇನು ಭಾರ? ನಾವು 100 ಎಂಬಿಯ ಜಿಪ್ ಡಿಸ್ಕನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಲೋಕಲ್ಲಿನ ನೂಕುನುಗ್ಗಲಿನಲ್ಲಿ ಎದೆಗೆ ಕೈ ಅಡ್ಡ ಹಿಡಿದು ಪರೇಲ್‌ಗೆ ಹೋಗುತ್ತಿದ್ದವರು.

ಪ್ರೆಸ್ಸಿನವರ ಮೇಲೆ ಸಿಟ್ಟು ಬೇಡ. ಅವರ ಕಂಪ್ಯೂಟರಿನ ಹಿಂದೆ ಒಂದು ಸಲ ಬಗ್ಗಿ ನೋಡಿ, ಹೆಬ್ಬೆಟ್ಟಿನಷ್ಟು ದೊಡ್ಡ ಡಾಂಗಲ್ ಸಿಕ್ಕಿಸಿರುತ್ತಾರೆ. ಪ್ಲೇಟ್ ತೆಗೆಯುವ ಮಶೀನಿಗೆ ಫೈಲನ್ನು ಚುಕ್ಕಿಗಳಾಗಿ ಒಡೆದು ಕೊಡುವ ರಿಪ್ ನಡೆಯುವುದು ಆ ಡಾಂಗಲ್ ಇದ್ದರೆ ಮಾತ್ರ, ಅದು ಒಪ್ಪುವುದು ಆ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಮಾತ್ರ. ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಫೋಟೋಶಾಪ್ 2012ರ ಸಿಎಸ್6. ಒಮ್ಮೆ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಕೊನೆಯದೂ ಅದೇ. ಅದರ ಮುಂದಿನದಾದ 2013ರ ಸಿಸಿಯಿಂದ ತಿಂಗಳ ಬಾಡಿಗೆ. ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಒಮ್ಮೆ ದೊಡ್ಡ ಮೊತ್ತ ಕೊಟ್ಟು ಪಗಡಿಯ ಖೋಲಿಯಲ್ಲಿ ಕೂತವನನ್ನು ತಿಂಗಳ ಬಾಡಿಗೆಯ ಲೀವ್ ಅಂಡ್ ಲೈಸನ್ಸಿಗೆ ಬಾ ಎಂದರೆ ಬರುತ್ತಾನೆಯೇ?

ಇನ್ನು ಸಿಎಸ್3ಕ್ಕೆ ಏನೇನು ತಿಳಿಯುವುದಿಲ್ಲ ಎಂಬುದು. ಅದು 2007ರದ್ದು. ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಒಳಗೇ ಇಟ್ಟುಕೊಂಡ ಲೇಯರ್) ಗೊತ್ತು, ಅದರ ಮೇಲೆ ನೀವು ಹಾಕಿರಬಹುದಾದ ಕ್ಯಾಮೆರಾ ರಾ ಫಿಲ್ಟರ್ ಗೊತ್ತಿಲ್ಲ. ಬಣ್ಣಕ್ಕೆ ಕಳೆ ಕೊಡುವ ವೈಬ್ರೆನ್ಸ್ ಬಂದದ್ದು ಸಿಎಸ್4ರಲ್ಲಿ. ಸಬ್‌ಟ್ರ್ಯಾಕ್ಟ್, ಡಿವೈಡ್ ಎಂಬ ಬ್ಲೆಂಡ್ ಮೋಡ್‌ಗಳು (ಲೇಯರ್ ಬೆರೆಸುವ ರೀತಿಗಳು) ಸಿಎಸ್5ರಲ್ಲಿ. ಕಲರ್ ಲುಕಪ್, ಶೇಪಿಗೆ ಸ್ಟ್ರೋಕ್, ಗ್ರೂಪಿಗೇ ನೆರಳು ಬಿಡುವ ಸೌಕರ್ಯ, ಇವು ಸಿಎಸ್6ರವು. ಆರ್ಟ್‌ಬೋರ್ಡ್ ಮತ್ತು ಒಂದೇ ಲೇಯರಿಗೆ ಎರಡು ಮೂರು ಡ್ರಾಪ್ ಶ್ಯಾಡೋ 2015ರ ಈಚೆಗಿನವು. ‘ಕೀಪ್ ಲೇಯರ್ಸ್’ ಒತ್ತಿದರೆ ಇವೆಲ್ಲ ಉದುರಿಹೋಗುತ್ತವೆ. ಪ್ರೆಸ್ಸಿನ ಹುಡುಗನಿಗೆ ಮೂಲ ಹೇಗಿತ್ತೆಂದು ಗೊತ್ತಿರುವುದಿಲ್ಲ, ಆದ್ದರಿಂದ ಏನು ಉದುರಿತೆಂದೂ ಗೊತ್ತಾಗುವುದಿಲ್ಲ. ಲೇಯರ್ ಎಂಬುದೇ 1994ರ 3.0ರಲ್ಲಿ ಬಂದದ್ದು. ಅದಕ್ಕೂ ಹಿಂದಿನ 2.5ರಲ್ಲಿ ನಾನು ಕೈ ಪಳಗಿಸಿಕೊಂಡವನು. ಅಕ್ಷರ ಹಾಕಿ ಆಚೆ ಕ್ಲಿಕ್ ಮಾಡಿದರೆ ಮುಗಿಯಿತು, ಚಿತ್ರಕ್ಕೆ ಅಂಟಿಕೊಂಡಿತು. ಆಗ ನಮಗೆ ಈ ತಲೆನೋವೇ ಇರಲಿಲ್ಲ, ಬೇರೆ ಇದ್ದವು.

ಈಗ ಮುಖ್ಯ ಮಾತು, ಕನ್ನಡ ಅಕ್ಷರ. ಹಳೆಯ ಫೋಟೋಶಾಪಿಗೆ ಯೂನಿಕೋಡ್ ಕನ್ನಡವನ್ನು ಜೋಡಿಸಲು ಬರುವುದಿಲ್ಲ. ಆದರೂ ನಿಮ್ಮ ಫೈಲ್ ತೆರೆದ ಕ್ಷಣ ಅಕ್ಷರ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಟೆಕ್ಸ್ಟ್ ಲೇಯರಿನೊಳಗೆ ಅಕ್ಷರದ ಚಿತ್ರವೂ ಇರುತ್ತದೆ. ಅದು ‘ಕೆಲವು ಟೆಕ್ಸ್ಟ್ ಲೇಯರ್‌ಗಳನ್ನು ಅಪ್‌ಡೇಟ್ ಮಾಡಲೇ’ ಎಂದು ಕೇಳುತ್ತದೆ. ‘ನೋ’ ಎಂದರೆ ಬಚಾವ್. ‘ಅಪ್‌ಡೇಟ್’ ಎಂದರೆ ಹಳೇ ಫೋಟೋಶಾಪ್ ತನ್ನ ಕೈಯಿಂದ ಮತ್ತೆ ಬರೆಯುತ್ತದೆ.

ನನಗೆ ಇದು ದುಡ್ಡು ತೆತ್ತು ಬಂದ ಬುದ್ಧಿ. ಒಂದು ಸಂಘದ ಮುಖಪುಟ, ದೊಡ್ಡ ಅಕ್ಷರದಲ್ಲಿ ‘ವಾರ್ಷಿಕೋತ್ಸವ’. ಫೈಲ್ ಜೊತೆ ಫಾಂಟನ್ನೂ ಕೊಟ್ಟಿದ್ದೆ, ಜಾಣತನ ಎಂದುಕೊಂಡು. ಫಾಂಟ್ ಹಾಕಿದ್ದರಿಂದ ‘ಫಾಂಟ್ ಇಲ್ಲ’ ಎಂಬ ಎಚ್ಚರಿಕೆಯೂ ಬರಲಿಲ್ಲ. ಹುಡುಗ ಅಪ್‌ಡೇಟ್ ಒತ್ತಿದ್ದಾನೆ. ಮರುದಿನ ಸಂಜೆ ಹೋಗಿ ನೋಡಿದರೆ ‘ಷಿ’ಯ ಪಕ್ಕದ ಅರ್ಕಾವತ್ತು ಮಾಯ, ಅದರ ಬದಲು ‘ಷಿ’ಗೂ ಮುಂಚೆ ಒಂದು ‘ರ’, ಅದರ ತಲೆಗೊಂದು ಕೊಕ್ಕೆ. ‘ತ್ಸ’ದ ಒತ್ತು ಕೆಳಗಿಳಿಯದೆ ಇಡೀ ‘ಸ’ ಆಗಿ ಪಕ್ಕದಲ್ಲಿ ನಿಂತಿದೆ. ಐನೂರು ಮುಖಪುಟ, ಲ್ಯಾಮಿನೇಶನ್ ಸಮೇತ ಮುಗಿದು ಕಟ್ಟುಕಟ್ಟಾಗಿ ಕೂತಿತ್ತು. ನಾನು ತಲೆ ಮೇಲೆ ಕೈ ಹೊತ್ತಾಗ ಮಶೀನ್‌ಮನ್ ಪಾಪ ಕೇಳಿದ, ‘ತುಮ್ಚಿ ಭಾಷಾ ಅಶೀಚ್ ದಿಸ್ತೇ ನಾ?’ ನಿಮ್ಮ ಭಾಷೆ ಹೀಗೇ ಅಲ್ಲವೇ ಕಾಣುವುದು ಎಂದು. ಅವನ ತಪ್ಪೇನಿದೆ? ಕಾಗದದ ಖರ್ಚು ನಾನು ಕೊಟ್ಟೆ. ಸಂಘದ ಕಾರ್ಯದರ್ಶಿಗಳು ಸಭೆಯಲ್ಲಿ ನನ್ನ ಪಕ್ಕ ಕೂರುವುದನ್ನು ಒಂದು ವರ್ಷ ಬಿಟ್ಟಿದ್ದರು.

ಆದ್ದರಿಂದ ನೀವು ಹೀಗೆ ಮಾಡಿ. ಮೂಲ ಫೈಲನ್ನು ಮುಟ್ಟಬೇಡಿ, ನಕಲು ತೆಗೆದು ಹೆಸರಿನ ಕೊನೆಗೆ ‘ಪ್ರೆಸ್’ ಎಂದು ಸೇರಿಸಿ. ನಕಲಿನಲ್ಲಿ ಪ್ರತಿ ಟೆಕ್ಸ್ಟ್ ಲೇಯರನ್ನೂ ‘ಕನ್ವರ್ಟ್ ಟು ಶೇಪ್’ ಮಾಡಿ, ಅಕ್ಷರ ಬರೀ ಆಕಾರವಾಗುತ್ತದೆ. ಆಮೇಲೆ ಫಾಂಟೂ ಬೇಡ, ಅಪ್‌ಡೇಟಿನ ಪ್ರಶ್ನೆಯೂ ಬರುವುದಿಲ್ಲ. ಸ್ಮಾರ್ಟ್ ಆಬ್ಜೆಕ್ಟ್‌ಗಳನ್ನು ರಾಸ್ಟರೈಜ್ ಮಾಡಿ, ಅಂದರೆ ಸಾದಾ ಪಿಕ್ಸೆಲ್ ಆಗಿಸಿ. ನೆರಳು, ಹೊಳಪುಗಳಿಗೆ ‘ರಾಸ್ಟರೈಜ್ ಲೇಯರ್ ಸ್ಟೈಲ್’ ಇದೆ. ಬಣ್ಣ, ಬೆಳಕು ತಿದ್ದುವ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ಕೆಳಗಿನ ಚಿತ್ರದೊಂದಿಗೆ ಮರ್ಜ್ ಮಾಡಿ. ಕೊನೆಗೆ ಹಿನ್ನೆಲೆ, ಫೋಟೋ, ಶೀರ್ಷಿಕೆ ಎಂದು ನಾಲ್ಕೈದು ಸಾದಾ ಲೇಯರ್ ಉಳಿದರೆ ಸಾಕು, ಸಿಎಸ್3 ಏನು, ಇನ್ನೂ ಹಳೆಯದೂ ಗೊಣಗದೆ ತೆರೆಯುತ್ತದೆ.

ಆದರೆ ನಾನೊಂದು ಕೇಳುತ್ತೇನೆ, ಪ್ರೆಸ್ಸಿಗೆ ಲೇಯರ್ ಯಾಕೆ ಬೇಕು? ಹೆಚ್ಚಿನವರು ರೂಢಿಯಿಂದ ಕೇಳುತ್ತಾರೆ. ಅಧ್ಯಕ್ಷರ ಹೆಸರಿನ ಹಿಂದೆ ‘ಶ್ರೀ’ ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿಬಿಡೋಣ ಎಂಬ ಧೈರ್ಯಕ್ಕೆ. ಕನ್ನಡ ಬಾರದವರ ಕೈಯಲ್ಲಿ ಆ ತಿದ್ದುಪಡಿ ಬೇಡ, ತಿದ್ದುವುದಿದ್ದರೆ ನೀವೇ ತಿದ್ದಿ ಇನ್ನೊಮ್ಮೆ ಕಳಿಸಿ. ಅವರಿಗೆ ಕೊಡಬೇಕಾದದ್ದು ಒಂದು ಚಪ್ಪಟೆ ಟಿಫ್ ಫೈಲು: ಸಿಎಂವೈಕೆ, 8 ಬಿಟ್, ಕಂಪ್ರೆಶನ್ ಎಲ್‌ಝಡ್‌ಡಬ್ಲ್ಯೂ, ‘ಡಿಸ್ಕಾರ್ಡ್ ಲೇಯರ್ಸ್ ಅಂಡ್ ಸೇವ್ ಎ ಕಾಪಿ’. ಟಿಫ್‌ನಲ್ಲಿ ಝಿಪ್ ಅಥವಾ ಜೆಪೆಗ್ ಕಂಪ್ರೆಶನ್ ಆರಿಸಬೇಡಿ, ಹಳೆಯ ಸಾಫ್ಟ್‌ವೇರುಗಳು ಅಲ್ಲಿ ಎಡವುತ್ತವೆ. ಒಳಪುಟಗಳೂ ನಿಮ್ಮದೇ ಆಗಿದ್ದರೆ ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್-1ಎ ಮಾಡಿ. ಅದರಲ್ಲಿ ಫಾಂಟ್ ಒಳಗೇ ಇರುತ್ತದೆ, ಪಾರದರ್ಶಕ ಭಾಗಗಳು ಮೊದಲೇ ಚಪ್ಪಟೆಯಾಗಿರುತ್ತವೆ, ಹಳೆಯ ರಿಪ್ ಕೂಡ ಜೀರ್ಣಿಸಿಕೊಳ್ಳುತ್ತದೆ. ಸಣ್ಣ ಕಪ್ಪು ಅಕ್ಷರವನ್ನು ಮಾತ್ರ ಫೋಟೋಶಾಪಿನಲ್ಲಿ ಹಾಕಬೇಡಿ. ಪರದೆಯ ಬಣ್ಣವಾದ ಆರ್‌ಜಿಬಿಯಿಂದ ಸಿಎಂವೈಕೆಗೆ ತಿರುಗಿಸುವಾಗ ಕಪ್ಪು ನಾಲ್ಕು ಬಣ್ಣಗಳಾಗಿ ಒಡೆಯುತ್ತದೆ, ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಅಕ್ಷರಕ್ಕೆ ಕೆಂಪು ನೀಲಿ ಅಂಚು ಬರುತ್ತದೆ.

ಮನೆಯಲ್ಲೇ ಒಂದು ಕಲರ್ ಪ್ರಿಂಟ್ ತೆಗೆದು ಫೈಲಿನ ಜೊತೆ ಕೊಡಿ, ಮೇಲೆ ಮರಾಠಿಯಲ್ಲಿ ‘ಹೀಗೆಯೇ ಕಾಣಬೇಕು’ ಎಂದು ಬರೆದು.

ಪ್ರಶ್ನೆ: ಸರ್, ನಾನು ಶನಿವಾರ ಪೇಠೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ನನ್ನ ಕೋರಲ್ ಫೈಲ್ ಸ್ಕ್ರೀನ್ ಪ್ರಿಂಟಿನವರ ಹತ್ತಿರ ತೆರೆಯುವುದೇ ಇಲ್ಲ. ಅವರದು ಕೋರಲಿನ ಹಳೇ ವರ್ಷನ್ ಎಕ್ಸ್3 ಅಂತೆ.
— ಓದುಗ, ಪುಣೆ

ಉತ್ತರ: ನಿಮ್ಮದು ಸುಲಭ. ಸೇವ್ ಆಸ್ ಡಬ್ಬಿಯಲ್ಲಿ ‘ವರ್ಷನ್’ ಎಂದಿರುತ್ತದೆ, ಅಲ್ಲಿ 13 ಆರಿಸಿ. ಎಕ್ಸ್3 ಅಂದರೆ 13, ಎಕ್ಸ್4 ಅಂದರೆ 14, ಎಕ್ಸ್7 ಅಂದರೆ 17. ಪಟ್ಟಿಯಲ್ಲಿ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅದಕ್ಕೂ ಮೊದಲು ಎಡಿಟ್‌ನಲ್ಲಿ ‘ಸೆಲೆಕ್ಟ್ ಆಲ್’, ಅದರೊಳಗೆ ‘ಟೆಕ್ಸ್ಟ್’, ಆಮೇಲೆ ಕಂಟ್ರೋಲ್ ಕ್ಯೂ. ಅಕ್ಷರವೆಲ್ಲ ಕರ್ವ್, ಅಂದರೆ ಬರೀ ಗೆರೆಯ ಆಕಾರ, ಆಗುತ್ತದೆ. ಪವರ್‌ಕ್ಲಿಪ್‌ನೊಳಗೆ (ಇನ್ನೊಂದು ಆಕಾರದ ಚೌಕಟ್ಟಿನೊಳಗೆ) ಅಡಗಿದ ಅಕ್ಷರ ಈ ಗಾಳಕ್ಕೆ ಸಿಕ್ಕಿತೋ ಇಲ್ಲವೋ ಒಳಗೆ ಹೋಗಿ ನೋಡಿ, ವರನ ಹೆಸರೇ ಅಲ್ಲಿರುತ್ತದೆ. ಕರ್ವ್ ಮಾಡಿದ ಫೈಲನ್ನು ಮೂಲದ ಮೇಲೇ ಸೇವ್ ಮಾಡಿಬಿಟ್ಟು, ಮುಹೂರ್ತದ ಗಳಿಗೆ ಬದಲಾದಾಗ ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಮ್ಮ ಗಣೇಶೋತ್ಸವಕ್ಕೆ 20 × 10 ಅಡಿಯ ಬ್ಯಾನರ್ ಮಾಡಿದೆ. ಫೋಟೋಶಾಪ್ ಪಿಎಸ್‌ಡಿ ಆಗಿ ಸೇವ್ ಮಾಡಲು ಒಪ್ಪದೆ ಪಿಎಸ್‌ಬಿ ಎಂಬ ಬೇರೆ ಬಗೆಯ ಫೈಲು ಮಾಡಿಸಿತು. ಫ್ಲೆಕ್ಸ್ ಅಂಗಡಿಯವರು ಅದನ್ನು ಮುಟ್ಟುವುದಿಲ್ಲ ಎನ್ನುತ್ತಾರೆ.
— ಓದುಗ, ವಾಸ್ಕೋ

ಉತ್ತರ: ನೀವು 150 ಪಿಪಿಐ ಇಟ್ಟಿರಬೇಕು. ಇಪ್ಪತ್ತಡಿ ಎಂದರೆ 240 ಇಂಚು, ಗುಣಿಸಿದರೆ 36,000 ಪಿಕ್ಸೆಲ್. ಪಿಎಸ್‌ಡಿಯ ಮಿತಿ ಒಂದು ಬದಿಗೆ 30,000. ಪಿಎಸ್‌ಬಿ 3 ಲಕ್ಷದವರೆಗೆ ಹಿಡಿಸುತ್ತದೆ, ಆದರೆ ಅದು ಬಂದದ್ದೇ 2003ರ ಸಿಎಸ್‌ನಲ್ಲಿ, ಹೊರಗಿನ ಸಾಫ್ಟ್‌ವೇರುಗಳಲ್ಲಿ ಓದುವವು ಕಡಿಮೆ. ಇಮೇಜ್ ಸೈಜಿಗೆ ಹೋಗಿ 72ಕ್ಕೆ ಇಳಿಸಿ: 17,280 × 8,640 ಆಗುತ್ತದೆ, ಚಪ್ಪಟೆ ಟಿಫ್ ಮಾಡಿದರೆ ಕಂಪ್ರೆಸ್ ಮಾಡದೆಯೂ 600 ಎಂಬಿಯ ಆಸುಪಾಸು. ರಸ್ತೆಯ ಆಚೆ ಬದಿಯಿಂದ ನೋಡುವ ಗಣಪತಿಗೆ ಅಷ್ಟು ಧಾರಾಳವಾಯಿತು. ಹಗ್ಗ ಕಟ್ಟುವ ಐಲೆಟ್ ಬಳೆ ಹೊಡೆಯಲು ಸುತ್ತ ಎರಡು ಇಂಚು ಖಾಲಿ ಬಿಟ್ಟಿದ್ದೀರಾ ನೋಡಿ, ಇಲ್ಲವಾದರೆ ಪ್ರಾಯೋಜಕರ ಮೂಗಿನ ಮೇಲೇ ತೂತು ಬೀಳುತ್ತದೆ.