ದಕ್ಷಿಣಕ್ಕೆ ಮುಖ ಮಾಡಿದ ಕನ್ಸರ್ವೇಟರಿಯಲ್ಲಿ ಏನಿಡಬೇಕು, ಏನಿಡಬಾರದು?

ಇಂಗ್ಲೆಂಡಿನಲ್ಲಿ ನೀವು ಕೊಂಡಿರುವ ಮನೆಯ ಹಿಂಬದಿಯಲ್ಲಿ 12 ಅಡಿಗೆ 10 ಅಡಿಯ, ದಕ್ಷಿಣಕ್ಕೆ ಮುಖ ಮಾಡಿದ, ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಚಾವಣಿಯ ಕನ್ಸರ್ವೇಟರಿ, ಅಂದರೆ ಮನೆಗೆ ಹೊಂದಿಸಿ ಕಟ್ಟಿದ ಗಾಜಿನ ಕೋಣೆ, ಇದೆಯೆಂದೂ, ಅಲ್ಲಿ ಸೋಫಾ, ಟಿ.ವಿ. ಇಟ್ಟು ಎರಡನೆಯ ಹಾಲ್ ಮಾಡಿಕೊಳ್ಳುವ ಆಸೆಯಿದೆಯೆಂದೂ ಬರೆದಿದ್ದೀರಿ. ಇಂಥದೇ ಗಾಜಿನ ಕೋಣೆಯಿರುವ ಮನೆಯಲ್ಲಿ ನಾವು ಒಂಬತ್ತು ವರ್ಷಗಳಿಂದ ಇದ್ದೇವೆ. ಮೊದಲ ಎರಡು ವರ್ಷ ನೀವೀಗ ಮಾಡಹೊರಟಿರುವುದನ್ನೇ ಮಾಡಿ ಕೈಸುಟ್ಟುಕೊಂಡಿದ್ದೇವೆ. ದಯವಿಟ್ಟು ಅದನ್ನು ಹಾಲ್ ಎಂದು ತಿಳಿಯಬೇಡಿ, ಜಗಲಿ ಎಂದು ತಿಳಿಯಿರಿ. ಊರಿನ ಮನೆಯ ಜಗಲಿಯ ಮೇಲೆ ಒಳ್ಳೆಯ ಹೊದಿಕೆಯ ಸೋಫಾವನ್ನು ಯಾರೂ ಇಡುವುದಿಲ್ಲ; ಬಿಸಿಲು, ಚಳಿ, ತೇವ ಮೂರನ್ನೂ ತಡೆದುಕೊಳ್ಳುವ ಬೆಂಚನ್ನೋ ಬೆತ್ತದ ಕುರ್ಚಿಯನ್ನೋ ಇಡುತ್ತಾರೆ.

ನಮಗೆ ಬುದ್ಧಿ ಬಂದದ್ದು ಮಗಳ ವೀಣೆಯಿಂದ. ಗಾಜಿನ ಮೂಲೆಯಲ್ಲಿ ಚಾಪೆ ಹಾಸಿ ವೀಣೆಯನ್ನಿಟ್ಟರೆ ಬಹಳ ಸೊಗಸಾಗಿ ಕಾಣುತ್ತದೆಂದು ಜುಲೈ ತಿಂಗಳಲ್ಲಿ ಅಲ್ಲಿಟ್ಟು, ಬಾಗಿಲು ಕಿಟಕಿಗಳನ್ನು ಭದ್ರವಾಗಿ ಹಾಕಿ, ನಾಲ್ಕು ದಿನ ಪ್ರವಾಸ ಹೋದೆವು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದಲ್ಲಿ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ, ಆದರೆ ಆಗ ಹೊಳೆಯಲಿಲ್ಲ. ಬಂದು ನೋಡಿದರೆ ಕಪ್ಪು ಮೇಣ ಎಣ್ಣೆ ಸವರಿದಂತೆ ಮಿನುಗುತ್ತಿತ್ತು, ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು, ಬಿಸಿಲು ಬಿದ್ದ ಕಡೆಯ ಐದಾರು ಮೆಟ್ಟಿಲುಗಳು ಒಂದು ಮಗ್ಗುಲಿಗೆ ವಾಲಿದ್ದವು. ಮುಂದಿನ ಸಲ ಊರಿಗೆ ಹೋದಾಗ ಹೊಸದಾಗಿ ಮೇಳ ಕಟ್ಟಿಸಿಕೊಂಡು, ಅಂದರೆ ಮೇಣ ಹಾಕಿಸಿ ಮೆಟ್ಟಿಲುಗಳನ್ನು ಮತ್ತೆ ಕೂರಿಸಿಕೊಂಡು, ಬರಬೇಕಾಯಿತು. ಮೈಸೂರಿನ ಬೀಟೆ ಮರದ ಕೆತ್ತನೆಯ ಹಲಗೆ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ಚೌಕಟ್ಟು ಹಾಕಿಸಿದ ಚಿತ್ರಪಟ ಇವೆಲ್ಲಕ್ಕೂ ಒಳಗಿನ ಗೋಡೆಯೇ ಸರಿಯಾದ ಜಾಗ.

ಆದ್ದರಿಂದ ಕುರ್ಚಿ ಕೊಳ್ಳುವುದಕ್ಕೆ ಮೊದಲು ಬಿಸಿಲು ತಡೆಯುವ ಪರದೆಗಳಾದ ಬ್ಲೈಂಡ್‌ಗಳಿಗೆ ಹಣ ತೆಗೆದಿಡಿ. ಬೇಸಿಗೆಯ ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುವುದರಿಂದ ಸುತ್ತಲಿನ ಕಿಟಕಿಗಳಿಗಿಂತ ಚಾವಣಿಗೆ ಹಾಕುವ ಬ್ಲೈಂಡ್ ಹೆಚ್ಚು ಕೆಲಸ ಮಾಡುತ್ತದೆ. ಹೊರಮೈ ಬೆಳ್ಳಿಬಣ್ಣದ ಲೇಪವಿರುವ ಮಡಿಕೆಯ ಬ್ಲೈಂಡ್ ಆಗಿದ್ದರೆ ಬಿಸಿಲನ್ನು ಹಿಂದಕ್ಕೆ ತಿರುಗಿಸುತ್ತದೆ. ಬಿಸಿಗಾಳಿ ಮೇಲೇರಿ ಹೊರಹೋಗಲು ಚಾವಣಿಯಲ್ಲಿ ತೆರೆಯುವ ಕಿಂಡಿಯಿದ್ದರೆ ಅದರ ಹಿಡಿಕೆ ಸಲೀಸಾಗಿ ತಿರುಗುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ಚಳಿಗಾಲದ ಕಷ್ಟ ಬೇರೆಯದು: ಕೋಣೆಯನ್ನು ಬೆಚ್ಚಗಿಡುವುದು. ಮನೆಗೂ ಕನ್ಸರ್ವೇಟರಿಗೂ ನಡುವೆ ಇರುವ ಬಾಗಿಲನ್ನು ತೆಗೆಸಿ ಎರಡನ್ನೂ ಒಂದು ಮಾಡಿದರೆ, ಅಥವಾ ಮನೆಯ ಬಾಯ್ಲರ್‌ನಿಂದ ಅಲ್ಲಿಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಎಳೆಸಿದರೆ, 30 ಚದರ ಮೀಟರಿಗಿಂತ ಚಿಕ್ಕ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ಸಿಗುವ ವಿನಾಯಿತಿ ತಪ್ಪಿಹೋಗುತ್ತದೆ. ನಾವು ಬೇಕಾದಾಗ ಮಾತ್ರ ಹಾಕುವ ಪ್ರತ್ಯೇಕ ವಿದ್ಯುತ್ ಹೀಟರ್ ಇಟ್ಟುಕೊಂಡಿದ್ದೇವೆ. ನೆಲಕ್ಕೆ ಟೈಲ್ಸ್ ಸಾಕು, ಮೇಲೊಂದು ಜಮಖಾನ.

ಇನ್ನು ಪೀಠೋಪಕರಣ. ಅಂಗಡಿಗಳಲ್ಲಿ ಬೆತ್ತದಂತೆ ಕಾಣುವ ಎರಡು ಬಗೆಯವು ಇರುತ್ತವೆ: ಒಂದು ನಿಜವಾದ ಬೆತ್ತ, ಇನ್ನೊಂದು ಪ್ಲಾಸ್ಟಿಕ್ಕಿನ ಹೆಣಿಗೆ. ನಿಜವಾದ ಬೆತ್ತಕ್ಕೆ ಕೂರುವವರ ಮೈಯೊಂದಿಗೆ ಬಾಗುವ ಗುಣವಿದೆ, ಆದರೆ ನೇರ ಬಿಸಿಲಿನಲ್ಲಿ ಕೆಲವೇ ವರ್ಷಗಳಲ್ಲಿ ಒಣಗಿ, ಕೂತಾಗ ಕಿರುಗುಟ್ಟಿ, ಕೊನೆಗೆ ಎಳೆ ಎಳೆಯಾಗಿ ಸಿಗಿಯುತ್ತದೆ. ನಿಮ್ಮದು ದಕ್ಷಿಣದ ಕೋಣೆಯಾದ್ದರಿಂದ ಪ್ಲಾಸ್ಟಿಕ್ಕಿನದು ಬಾಳಿಕೆ ಬರುತ್ತದೆ. ನನಗೆ ಮಾತ್ರ ಅದರ ಸ್ಪರ್ಶ ಇಷ್ಟವಿಲ್ಲದ ಕಾರಣ ಎರಡು ಬೆತ್ತದ ಕುರ್ಚಿಗಳನ್ನು ಮನೆಯ ಗೋಡೆಗೆ ಒತ್ತಿ, ನೆರಳು ಬೀಳುವ ಕಡೆ ಇಟ್ಟುಕೊಂಡಿದ್ದೇನೆ. ಚರ್ಮದ ಸೋಫಾ ಬಿರಿಯುತ್ತದೆ, ತೆಳು ಮರದ ಪದರ ಅಂಟಿಸಿದ ಮೇಜಿನ ಅಂಚು ಎದ್ದು ಬರುತ್ತದೆ.

ಬಟ್ಟೆಯ ವಿಷಯದಲ್ಲಿ ನನ್ನ ಹೆಂಡತಿಯ ಪ್ರಯೋಗವೊಂದನ್ನು ಹೇಳಬೇಕು. ಗುಳೇದಗುಡ್ಡದ ಖಣದಿಂದ ಅವಳು ಆರು ದಿಂಬಿನ ಕವರ್ ಹೊಲಿದಿದ್ದಳು. ಸಾಮಾನ್ಯ ಗಾಜು ಅತಿನೇರಳೆ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ, ಉಳಿದದ್ದು ಬಣ್ಣವನ್ನು ತಿನ್ನುತ್ತದೆ. ಒಂದೇ ಬೇಸಿಗೆಯಲ್ಲಿ ಕಿಟಕಿಯ ಕಡೆಯ ಮೈ ಹಣ್ಣಾದ ದಾಳಿಂಬೆಯಿಂದ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು, ಹಿಂಬದಿ ಹೊಸದರಂತೆಯೇ ಇತ್ತು. ನೂಲನ್ನು ಎಳೆಯುವ ಮೊದಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆ ಹೀಗೆ ಬೇಗ ಮಾಸುವುದಿಲ್ಲ. ದಿನನಿತ್ಯಕ್ಕೆ ಅದನ್ನು ಹಾಕಿ, ಖಣದ ಕವರುಗಳನ್ನು ಹಬ್ಬಕ್ಕೋ ನೆಂಟರಿಗೋ ತೆಗೆಯಿರಿ.

ನಿಜವಾದ ಅಲಂಕಾರ ಗಿಡಗಳದ್ದು. ಕಿತ್ತಳೆ ಗಿಡಗಳು ಚಳಿಗೆ ಸಾಯದಂತೆ ಯುರೋಪಿನ ಶ್ರೀಮಂತರು ಕಟ್ಟಿಸಿದ ಕೋಣೆಗಳೇ ಕನ್ಸರ್ವೇಟರಿಯ ಪೂರ್ವಜರು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು ತೆಗೆದ ಮೇಲೆ ಗಾಜಿನ ಮನೆಗಳ ಹುಚ್ಚು ಹಬ್ಬಿ, ಅದರದೊಂದು ಕೊಂಬೆ ನಮ್ಮ ಲಾಲ್‌ಬಾಗಿನವರೆಗೂ ಚಾಚಿತು. ನಿಂಬೆ ಗಿಡ ಹಿಮ ತಾಗದಿದ್ದರೆ ಸಾಕು, ಇಲ್ಲಿ ಸುಖವಾಗಿರುತ್ತದೆ. ದುಂಡುಮಲ್ಲಿಗೆ, ದಾಸವಾಳ ಬೇಸಿಗೆಯಿಡೀ ಹೂ ಕೊಡುತ್ತವೆ. ಕರಿಬೇವು ಮಾತ್ರ ಮುದ್ದಿನ ಮಗು: ರಾತ್ರಿಯ ಚಳಿ 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಎಲೆ ಉದುರಿಸುತ್ತದೆ, ಆದ್ದರಿಂದ ಅಕ್ಟೋಬರಿನಲ್ಲಿಯೇ ಅದನ್ನು ಮನೆಯೊಳಗೆ ತೆಗೆದುಕೊಳ್ಳಿ. ಒಣ ಬಿಸಿಗೆ ಜೇಡನುಸಿ ಬೇಗ ಹತ್ತುತ್ತದೆ. ಎಲೆಯ ಅಡಿಯಲ್ಲಿ ಸಣ್ಣ ಬಲೆ ಕಂಡ ದಿನವೇ ನೀರು ಚಿಮುಕಿಸಿ ತೊಳೆಯಿರಿ.

ಎರಡು ಎಚ್ಚರಿಕೆಗಳು ಉಳಿದಿವೆ. ಗಾಜಿನ ಗೋಲ, ನೀರು ತುಂಬಿದ ದುಂಡನೆಯ ಹೂದಾನಿ, ನಿಮ್ನ ಕನ್ನಡಿ ಇವು ಬಿಸಿಲನ್ನು ಒಂದೆಡೆ ಕೂಡಿಸಿ ಪರದೆಗೋ ಮೇಜಿಗೋ ಬೆಂಕಿ ತಗುಲಿಸಬಲ್ಲವು. ಇಲ್ಲಿನ ಅಗ್ನಿಶಾಮಕ ದಳಗಳೇ ಈ ಬಗ್ಗೆ ಎಚ್ಚರಿಸುತ್ತವೆ. ಎರಡನೆಯದು ಉಯ್ಯಾಲೆ. ನಮ್ಮವರಿಗೆಲ್ಲ ಬರುವ ಆಸೆ ಅದು, ಆದರೆ ಕನ್ಸರ್ವೇಟರಿಯ ಚಾವಣಿಯ ಚೌಕಟ್ಟು ತೂಗುವ ಭಾರಕ್ಕೆಂದು ಮಾಡಿದ್ದಲ್ಲ. ತನ್ನದೇ ಕಾಲಿನ ಮೇಲೆ ನಿಲ್ಲುವ ಸ್ಟ್ಯಾಂಡಿನ ಉಯ್ಯಾಲೆಯನ್ನೇ ಕೊಳ್ಳಿ.

ಟಿ.ವಿ.ಯನ್ನು ಒಳಗಿನ ಹಾಲ್‌ನಲ್ಲೇ ಬಿಡಿ. ಹಗಲಿನಲ್ಲಿ ಅದರ ಪರದೆಯ ಮೇಲೆ ನಿಮಗೆ ನಿಮ್ಮ ಮುಖವೇ ಕಾಣುತ್ತದೆ. ಮಳೆ ಬಂದರಂತೂ ಪಾಲಿಕಾರ್ಬೊನೇಟಿನ ಮೇಲಿನ ಸದ್ದಿನಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ.