ಪ್ರತಿಕ್ರಿಯೆ: 'ಟಾಮಿ' ಮೊದಲು ಯಾವ್ದು ಕೇಳ್ಲಿ?

ಹಾಡುಗಳಲ್ಲೇ ಒಂದು ಕಥೆ ಹೇಳೋ ರಾಕ್ ಒಪೆರಾ 'ಟಾಮಿ'ನ ದಿ ಹೂ ಬ್ಯಾಂಡಿನ 1969ರ ಆಲ್ಬಮ್‌ನಲ್ಲಿ ಮೊದ್ಲು ಕೇಳ್ಲಾ, 1975ರ ಸಿನಿಮಾ ಸೌಂಡ್‌ಟ್ರ್ಯಾಕ್‌ನಲ್ಲಿ ಮೊದ್ಲು ಕೇಳ್ಲಾ ಅಂತ ಕೇಳಿದ್ರಲ್ಲ, ಕಣ್ಮುಚ್ಚಿ ಆಲ್ಬಮ್ಮೇ ತಗೊಳ್ಳಿ ಸರ್. ಬ್ಯಾಂಡಿನ ನಾಲ್ಕೇ ಜನ ನುಡಿಸಿದ್ದು, ಬಾಸ್ ಗಿಟಾರಿನ ಎಂಟ್ವಿಸಲ್ ಫ್ರೆಂಚ್ ಹಾರ್ನ್ ಕೂಡ ಊದಿದಾರೆ, 'ಪಿನ್‌ಬಾಲ್ ವಿಝರ್ಡ್' ಹಾಡಿನ ಶುರುವಲ್ಲಿ ಗಿಟಾರಿಸ್ಟ್ ಟೌನ್‌ಶೆಂಡ್ ಅಕೂಸ್ಟಿಕ್ ಗಿಟಾರ್ ಬಾರಿಸೋ ರಭಸ ಕೇಳಿ, ಮೈ ಜುಮ್ ಅನ್ನತ್ತೆ. ಸಿನಿಮಾದಲ್ಲಿ ಅದನ್ನ ಎಲ್ಟನ್ ಜಾನ್ ಹಾಡಿದ್ದು, ಪಿಯಾನೋ ಮುಂದೆ ಬಂದಿದೆ, ಅದೂ ಸೊಗಸೇ.

ಕಥೆನೂ ಬದಲಾಗಿದೆ, ಆಲ್ಬಮ್‌ನಲ್ಲಿ ಯುದ್ಧದಿಂದ ವಾಪಸ್ ಬಂದ ಅಪ್ಪ ಹೆಂಡ್ತಿಯ ಪ್ರಿಯಕರನ್ನ ಕೊಲ್ತಾನೆ, ಸಿನಿಮಾದಲ್ಲಿ ಅಪ್ಪನೇ ಸಾಯೋದು, ಕಥೆಯ ಕಾಲವೂ ಮೊದಲ ಮಹಾಯುದ್ಧದಿಂದ ಎರಡನೇ ಮಹಾಯುದ್ಧಕ್ಕೆ ಬಂದಿದ್ರಿಂದ '1921' ಹಾಡು '1951' ಆಯ್ತು. ಸೌಂಡ್‌ಟ್ರ್ಯಾಕ್‌ನಲ್ಲಿ ಸಿಂಥಸೈಜರ್ ಜಾಸ್ತಿಯಾಗಿ ನನಗೆ ಸ್ವಲ್ಪ ಭಾರ ಅನ್ಸತ್ತೆ, ಸಿನಿಮಾದ ನಟ ಆಲಿವರ್ ರೀಡ್‌ಗಂತೂ ಹಾಡೋಕೆ ಬರಲ್ಲ. ಆದ್ರೆ ಟೀನಾ ಟರ್ನರ್ ಹಾಡಿರೋ 'ಆಸಿಡ್ ಕ್ವೀನ್' ಮಾತ್ರ ಬಿಡ್ಬೇಡಿ, ಅಲ್ಲಿ ಆಲ್ಬಮ್ಮೇ ಸೋಲತ್ತೆ.