ಕಾಸರಗೋಡಿನಲ್ಲಿ ಲರ್ನರ್ಸ್: ಯಾವ ಭಾಷೆಯಲ್ಲಿ ಬರೆಯುವುದು?

ಕಾಸರಗೋಡಿನಲ್ಲಿ ಲರ್ನರ್ಸ್ ಪರೀಕ್ಷೆಯನ್ನು, ಅಂದರೆ ಗಾಡಿ ಕಲಿಯಲು ಬೇಕಾದ ಮೊದಲ ಲೈಸನ್ಸಿನ ಪರೀಕ್ಷೆಯನ್ನು, ಕನ್ನಡದಲ್ಲಿ ಬರೆಯಬಹುದಾ ಎಂದು ಕೇಳಿದ್ದೀರಿ. ಬರೆಯಬಹುದು. ಅರ್ಜಿ ತುಂಬುವಾಗ ಭಾಷೆ ಆರಿಸಿಕೊಳ್ಳಬೇಕು, ಅಲ್ಲಿ ಮಲಯಾಳ, ಇಂಗ್ಲಿಷ್ ಜೊತೆಗೆ ಕನ್ನಡವೂ ಇದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಕನ್ನಡವನ್ನೇ ಒತ್ತುತ್ತಾರೆ ಅಂದ್ಕೊಳ್ಳಬೇಡಿ. ನಮ್ಮಲ್ಲಿ ಸಿಗ್ನಲ್ಲು, ಚಿಹ್ನೆಗಳಿಗಿಂತ ಮೊದಲು ತೀರ್ಮಾನ ಆಗಬೇಕಾದದ್ದು ಇದೇ.

ಘಟ್ಟದ ಮೇಲಿನವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಮದರಾಸು ರಾಜ್ಯದೊಳಗೆ. ಆ ದಿನ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಕೇರಳಕ್ಕೆ ಬಂದೆವು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಎಲ್ಲ ಇವೆ. ಶಾಲೆ ಹಲವರಿಗೆ ಕನ್ನಡದ್ದು. ಕಚೇರಿಯ ಕೆಲಸಕ್ಕೆ ಮಲಯಾಳ ಬೇಕು. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಕಾನೂನಿನಲ್ಲಿದೆ, ಅದಕ್ಕಾಗಿ ಹೋರಾಡುವವರೂ ಇದ್ದಾರೆ. ಆದರೆ ಹದಿನೆಂಟು ತುಂಬಿದ ಹುಡುಗನಿಗೆ ಅವತ್ತು ಬೇಕಾದದ್ದು ಬೈಕ್ ಓಡಿಸುವ ಲೈಸನ್ಸ್, ಅಲ್ವಾ?

ಅರ್ಜಿಯ ಕೆಲಸ ಹೆಚ್ಚಾಗಿ ಅಕ್ಷಯ ಕೇಂದ್ರದಲ್ಲೋ ಡ್ರೈವಿಂಗ್ ಸ್ಕೂಲಿನಲ್ಲೋ ನಡೆಯುತ್ತದೆ. ಅಕ್ಷಯ ಅಂದರೆ ಕೇರಳದ ಊರೂರಲ್ಲಿ ಇರುವ ಸರ್ಕಾರಿ ಆನ್‌ಲೈನ್ ಸೇವೆಯ ಅಂಗಡಿ. ಅಲ್ಲಿ ಸಾರಥಿ ಎಂಬ ಸರ್ಕಾರದ ಲೈಸನ್ಸ್ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿಸಿಕೊಡುತ್ತಾರೆ. ಆಧಾರ್, ಎಸ್ಸೆಸ್ಸೆಲ್ಸಿ ಪುಸ್ತಕ, ಫೋಟೊ, ಕಣ್ಣು ನೋಡಿದ ಡಾಕ್ಟರ ಸರ್ಟಿಫಿಕೇಟು ಹಿಡಿದುಕೊಂಡು ಹೋಗಿ. ಹೋಗುವ ಮೊದಲು ಆಧಾರಿನಲ್ಲೂ ಎಸ್ಸೆಸ್ಸೆಲ್ಸಿಯಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿಕೊಳ್ಳಿ. ಇನಿಶಿಯಲ್ಲು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಸುಮ್ನೆ ಓಡಾಟ. ಭಾಷೆಯ ಕಾಲಂ ಬಂದಾಗ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಕೂತವರು ಅಭ್ಯಾಸಬಲದಿಂದ ಮಲಯಾಳವನ್ನೇ ಒತ್ತುವ ಸಾಧ್ಯತೆ ಜಾಸ್ತಿ. ಅವರದ್ದು ತಪ್ಪು ಅನ್ನುವ ಹಾಗಿಲ್ಲ, ದಿನವಿಡೀ ಅದನ್ನೇ ಒತ್ತುವವರು.

ಈಗ ಪರೀಕ್ಷೆಯ ವಿಷಯ. ಕೇರಳದಲ್ಲಿ ಮೊದಲು 20 ಪ್ರಶ್ನೆ ಇದ್ದವು, 12 ಸರಿಯಾದರೆ ಪಾಸು. 2025ರ ಅಕ್ಟೋಬರ್‌ನಿಂದ 30 ಪ್ರಶ್ನೆ, 18 ಸರಿಯಾಗಬೇಕು. ಒಂದೊಂದು ಪ್ರಶ್ನೆಗೆ 30 ಸೆಕೆಂಡ್. ಕಂಪ್ಯೂಟರ್ ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಉತ್ತರ ಒತ್ತಬೇಕು, ಅಷ್ಟೆ. ಕೋವಿಡ್ ಸಮಯದಲ್ಲಿ ಮನೆಯಲ್ಲೇ ಕೂತು ಬರೆಯಬಹುದಿತ್ತು. ಆಮೇಲೆ ಮತ್ತೆ ಆರ್‌ಟಿಒ ಆಫೀಸಿಗೇ ಕರೆದರು.

ಮೂವತ್ತು ಸೆಕೆಂಡ್ ಅಂದರೆ ಧಾರಾಳ ಅನ್ನಿಸಬಹುದು. ಭಾಷೆಯ ಪೇಚು ಇರುವುದೇ ಇಲ್ಲಿ. ಡ್ರೈವಿಂಗ್ ಸ್ಕೂಲಿನ ಮಾಷ್ಟ್ರು ಕಲಿಸುವುದು ಮಲಯಾಳದಲ್ಲಿ, ನಡುನಡುವೆ ತುಳು. ಗೇರು, ಕ್ಲಚ್ಚು, ಓವರ್‌ಟೇಕು ಎಲ್ಲ ಇಂಗ್ಲಿಷ್. ಪರದೆಯ ಮೇಲೆ ಬರುವ ಕನ್ನಡ ಮಾತ್ರ ಪಕ್ಕಾ ಪುಸ್ತಕದ್ದು. ಓವರ್‌ಟೇಕ್ ಅಂತ ಇಪ್ಪತ್ತು ಸಲ ಕೇಳಿದ ಕಿವಿಗೆ ಅದೇ ವಿಷಯ ಉದ್ದ ಕನ್ನಡ ವಾಕ್ಯದಲ್ಲಿ ಬಂದರೆ ಎರಡು ಸಲ ಓದಬೇಕಾಗುತ್ತದೆ. ಮಲಯಾಳ ಆರಿಸಿದರೆ ಬೇರೆ ಪೇಚು. ನಮ್ಮ ಕಡೆಯ ಎಷ್ಟೋ ಮಂದಿಗೆ ಮಲಯಾಳ ನೀರು ಕುಡಿದ ಹಾಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಬಂದರೂ ಅಕ್ಷರ ಕೂಡಿಸಿ ಕೂಡಿಸಿ ಓದುವುದು. ಮಂಗಳೂರಿನ ಕಾಲೇಜಿಗೆ ಹೋಗುವ ಮಕ್ಕಳು ಇಂಗ್ಲಿಷ್ ಒತ್ತಿ ಹಗುರಾಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹತ್ತನೆಯ ತನಕ ಯಾವ ಭಾಷೆಯಲ್ಲಿ ವಿಜ್ಞಾನ ಓದಿದ್ದೀರೋ ಅದರಲ್ಲೇ ಬರೆಯಿರಿ. ಮಾತಾಡುವ ಭಾಷೆಯನ್ನು ನೋಡಿ ಆರಿಸಬೇಡಿ. ಕನ್ನಡದಲ್ಲಿ ಬರೆಯುವವರು ಪ್ರಶ್ನೆಗಳನ್ನು ಒಮ್ಮೆಯಾದರೂ ಕನ್ನಡದಲ್ಲೇ ಓದಿಕೊಂಡು ಹೋಗಬೇಕು. ಕ್ಲಾಸಿನಲ್ಲಿ ಕೇಳಿದ್ದಷ್ಟೇ ಸಾಕಾಗುವುದಿಲ್ಲ. ಕೇರಳದ ಮೋಟಾರು ವಾಹನ ಇಲಾಖೆಯ ಲೀಡ್ಸ್ ಎಂಬ ಆ್ಯಪಿನಲ್ಲಿ ಮಾದರಿ ಪರೀಕ್ಷೆಗಳಿವೆ, ಅದನ್ನೂ ನೋಡಿ.

ಚಿಹ್ನೆಗಳಿಗೆ ಭಾಷೆಯ ಕಾಟ ಕಡಿಮೆ. ಆಕಾರ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ವೃತ್ತ ಅಂದರೆ ಆಜ್ಞೆ, ತ್ರಿಕೋನ ಅಂದರೆ ಎಚ್ಚರಿಕೆ, ನೀಲಿ ಚೌಕ ಅಂದರೆ ಮಾಹಿತಿ. ಮಕ್ಕಳು ಎಡವುವುದು ಜೋಡಿಗಳಲ್ಲಿ. ಕೆಂಪು ಅಂಚಿನ ನೀಲಿ ವೃತ್ತಕ್ಕೆ ಒಂದು ಅಡ್ಡಗೀರು ಇದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೀರು ಕತ್ತರಿಯಂತೆ ಇದ್ದರೆ ನಿಲ್ಲಿಸಲೂ ಬಾರದು. ಪೂರ್ತಿ ಕೆಂಪು ತಟ್ಟೆಯಲ್ಲಿ ಬಿಳಿ ಪಟ್ಟಿ ಇದ್ದರೆ ಪ್ರವೇಶ ಇಲ್ಲ. ಬರೀ ಕೆಂಪು ಅಂಚು, ಒಳಗೆ ಖಾಲಿ ಬಿಳಿ ಇದ್ದರೆ ಯಾವ ಕಡೆಯಿಂದಲೂ ವಾಹನ ಹೋಗಬಾರದು. ಕಿರಿದಾದ ರಸ್ತೆ ಮತ್ತು ಕಿರಿದಾದ ಸೇತುವೆ, ಆಸ್ಪತ್ರೆ ಮತ್ತು ಪ್ರಥಮ ಚಿಕಿತ್ಸೆ, ಇವನ್ನೂ ಜೊತೆಜೊತೆಗೇ ಇಟ್ಟು ನೋಡಿಕೊಳ್ಳಿ.

ಕೈಸನ್ನೆಯನ್ನು ಬಿಡಬೇಡಿ. ಬಲಗೈ ಚಾಚಿ ಅಂಗೈ ಮುಂದಕ್ಕೆ ತೋರಿಸಿದರೆ ಬಲಕ್ಕೆ ತಿರುಗುವುದು. ಚಾಚಿದ ಕೈಯನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಎಡಕ್ಕೆ. ಉಪ್ಪಳದ ಪೇಟೆಯಲ್ಲಿ ಆಟೋದವರು ಕಾಲು ಹೊರಗೆ ಹಾಕಿ ತಿರುಗಿಸುತ್ತಾರೆ ನೋಡಿ, ಅದು ಯಾವ ಪುಸ್ತಕದಲ್ಲೂ ಇಲ್ಲ ಮಾರಾಯ್ರೆ.

ಇನ್ನು ಉತ್ತರ ಬಾಯಿಪಾಠ ಮಾಡುವವರಿಗೆ ಒಂದು ಮಾತು. ನಮ್ಮೂರಿನಲ್ಲಿ ನಡೆಯುವುದಕ್ಕೂ ಸರಿ ಉತ್ತರಕ್ಕೂ ಬಹಳ ಕಡೆ ತಾಳೆಯಾಗುವುದಿಲ್ಲ. ಏರು ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಹತ್ತುವವನಿಗೆ ಮೊದಲ ದಾರಿ, ಇಳಿಯುವವನು ನಿಲ್ಲಬೇಕು. ಬಾಯಾರು, ಪೆರ್ಲದ ಕಡೆಯ ಗುಡ್ಡದ ರಸ್ತೆಯಲ್ಲಿ ಹಾಗಾ? ಅಲ್ಲಿ ದೊಡ್ಡ ಗಾಡಿ ಯಾವುದೋ ಅದಕ್ಕೆ ದಾರಿ. ಕಿರಿದಾದ ಸೇತುವೆಗೆ ಎದುರಿನಿಂದ ಗಾಡಿ ಬಂದರೆ ಅದು ದಾಟುವ ತನಕ ಈಚೆ ಕಾಯಬೇಕು ಎನ್ನುವುದು ಸರಿ ಉತ್ತರ. ನಮ್ಮಲ್ಲಿ ಹೆಡ್‌ಲೈಟು ಮಿಣುಕಿಸಿ ಮೊದಲು ನುಗ್ಗಿದವನೇ ಗೆದ್ದ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗಿ ಬದಿಯಲ್ಲಿ ಸರ್ವಿಸ್ ರಸ್ತೆ ಬಂದ ಮೇಲೆ ಎದುರಿನ ಅಂಗಡಿಗೆ ಹೋಗಲು ಅಂಡರ್‌ಪಾಸಿನ ತನಕ ಸುತ್ತಬೇಕು. ಸ್ಕೂಟರಿನವರು ಸರ್ವಿಸ್ ರಸ್ತೆಯಲ್ಲೇ ಉಲ್ಟಾ ಬರುತ್ತಾರೆ. ದಿನಾ ಇದನ್ನು ನೋಡಿದ ಹುಡುಗನಿಗೆ ಒನ್‌ವೇ ಪ್ರಶ್ನೆ ಬಂದಾಗ ಕೈ ತಪ್ಪಿದರೆ ಆಶ್ಚರ್ಯ ಏನು? ಹಾಗಾಗಿ ಪ್ರತಿ ಪ್ರಶ್ನೆಗೂ ‘ಯಾಕೆ’ ಅಂತ ಕೇಳಿಕೊಂಡು ಓದಿ. ಭಾರ ಹೊತ್ತು ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. ಇಷ್ಟು ತಿಳಿದರೆ ಆ ಉತ್ತರ ಮರೆಯುವುದಿಲ್ಲ.

ಕೆಲವು ಪ್ರಶ್ನೆಗಳು ಕಾಲಕ್ಕಿಂತ ಹಿಂದೆ ಉಳಿದಿವೆ. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಏನು ಮಾಡಬೇಕು ಎಂಬುದು ಹಳೆಯ ಪ್ರಶ್ನೆ. ಗಾಡಿ ನಿಲ್ಲಿಸಿ, ಇಳಿದು ಹೋಗಿ ಹಳಿಯ ಎರಡೂ ಕಡೆ ನೋಡಿ ಬರಬೇಕು ಎನ್ನುವುದು ಉತ್ತರ. ಬ್ರಾಡ್‌ಗೇಜ್ ದಾರಿಯಲ್ಲಿ ಅಂಥ ಗೇಟುಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿ ಆಗಿದೆ. ಆದರೂ ಓದಿಕೊಂಡಿರಿ. ಬಿಳಿ ಕೋಲು ಹಿಡಿದ ಅಂಧರು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ ನಿಲ್ಲಿಸುವ ಸಿಗ್ನಲ್ ಎಂದು ತಿಳಿಯಬೇಕು. ಕುಡಿದು ಓಡಿಸುವುದರ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇವೆಲ್ಲ ಪಾಸಿನ ಅಂಕಗಳು.

ಮನೆಯವರು ಓದಬೇಕಾದ ಪ್ರಶ್ನೆಯೂ ಒಂದಿದೆ. ಹಾಲಿನ ಸೊಸೈಟಿಗೆ, ಅಡಿಕೆ ಕೊಡಲಿಕ್ಕೆ ಎಂದು ಹದಿನಾರರ ಹುಡುಗನ ಕೈಗೆ ಸ್ಕೂಟರ್ ಕೊಡುವುದು ನಮ್ಮಲ್ಲಿ ಮಾಮೂಲಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅವನು ಅಪರಾಧ ಮಾಡಿ ಸಿಕ್ಕಿಬಿದ್ದರೆ ಗಾಡಿಯ ಮಾಲೀಕರಿಗೆ ಅಥವಾ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಹುಡುಗನಿಗೆ 25 ವರ್ಷ ಆಗುವ ತನಕ ಲರ್ನರ್ಸ್ ಕೂಡ ಸಿಗದು.

ಮಂಗಳೂರು ಇಷ್ಟು ಹತ್ತಿರ ಇರುವಾಗ ಅಲ್ಲೇ ಯಾಕೆ ಮಾಡಿಸಬಾರದು ಎಂದೂ ಕೇಳಿದ್ದೀರಿ. ಕೇಳುವವರು ತುಂಬಾ ಇದ್ದಾರೆ, ಯಾಕಂದರೆ ಕೇರಳದ ಡ್ರೈವಿಂಗ್ ಟೆಸ್ಟಿನಲ್ಲಿ ಕಾರನ್ನು ಕಂಬಗಳ ನಡುವೆ ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿ ಓಡಿಸಿ ತೋರಿಸಬೇಕು, ಕಂಬಕ್ಕೆ ತಾಗಿಸದೆ ಹಿಂದಕ್ಕೂ ತೆಗೆಯಬೇಕು. ಅದರ ಭಯ ದೊಡ್ಡದು. ಕಾನೂನು ಹೇಳುವುದು ಹೀಗೆ: ನೀವು ವಾಸ ಇರುವ, ಕೆಲಸ ಮಾಡುವ ಅಥವಾ ಡ್ರೈವಿಂಗ್ ಕಲಿಯುವ ಸ್ಕೂಲ್ ಇರುವ ರಾಜ್ಯದಲ್ಲಿ ಅರ್ಜಿ ಹಾಕಬಹುದು. ಆದರೆ ಆಧಾರಿನಲ್ಲಿ ಕಾಸರಗೋಡು ಜಿಲ್ಲೆಯ ವರ್ಕಾಡಿಯ ವಿಳಾಸ ಇಟ್ಟುಕೊಂಡು ಮಂಗಳೂರಿನಲ್ಲಿ ಮಾಡಿಸಲು ಹೊರಟರೆ ಕಾಗದ ಹೊಂದಿಸುವುದೇ ಒಂದು ಕೆಲಸ. ಲೈಸನ್ಸ್ ಎಲ್ಲಿ ಮಾಡಿಸಿದರೂ ಇಡೀ ದೇಶಕ್ಕೆ ನಡೆಯುತ್ತದೆ. ಹಾಗಾಗಿ ಕೇರಳದ ವಿಳಾಸದವರು ಕಾಸರಗೋಡಿನಲ್ಲೇ ಮಾಡಿಸುವುದು ಸಲೀಸು. ನೀವು ಇಲ್ಲಿಗೆ ವರ್ಗವಾಗಿ ಬಂದವರಾದರೆ ಇಲ್ಲಿ ವಾಸ ಇರುವುದಕ್ಕೆ ದಾಖಲೆ ಮಾಡಿಸಿಕೊಳ್ಳಿ, ಆಮೇಲೆ ಅರ್ಜಿ ಹಾಕಿ.

ಪಾಸಾದರೆ ಲರ್ನರ್ಸ್ ಆರು ತಿಂಗಳು ನಡೆಯುತ್ತದೆ. 30 ದಿನ ಕಳೆಯದೆ ಡ್ರೈವಿಂಗ್ ಟೆಸ್ಟಿಗೆ ಹೋಗುವ ಹಾಗಿಲ್ಲ. ಅಷ್ಟರೊಳಗೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಬರೆದು ಗಾಡಿಯ ಹಿಂದೆ ಮುಂದೆ ಹಚ್ಚಿ. ಕಾರಾದರೆ ಪಕ್ಕದಲ್ಲಿ ಲೈಸನ್ಸ್ ಇರುವ ಒಬ್ಬರನ್ನು ಕೂರಿಸಿಕೊಂಡೇ ಹೊರಡಿ, ಹೆದ್ದಾರಿಗೆ ಮಾತ್ರ ಆಮೇಲೆ ಇಳಿಯಿರಿ. ಬದಿಯಡ್ಕದ ಒಳರಸ್ತೆಗಳು ಕಲಿಯಲಿಕ್ಕೆ ಒಳ್ಳೆಯವು, ಶಾಲೆ ಬಿಡುವ ಹೊತ್ತು ಒಂದು ಬಿಟ್ಟು.